ರಾಸ್ಪ್‌ಬೆರಿ ಪೈ ಮೇಲೆ ಮನೆಯ ಸಂಗೀತ ಸರ್ವರ್: ಹಂತ ಹಂತವಾಗಿ

ಸಿ.ಡಿ.ಗಳಿಂದ ಇಳಿಸಿಕೊಂಡ ಹಾಡುಗಳು, ಕ್ಯಾಸೆಟ್ಟಿನಿಂದ ಡಿಜಿಟಲ್ ರೂಪಕ್ಕೆ ತಂದ ಕಛೇರಿಗಳು, ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಆಲ್ಬಮ್‌ಗಳು ಹಳೆಯ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಫೋನುಗಳಲ್ಲಿ ಚದುರಿಹೋಗಿವೆ. ಇವನ್ನೆಲ್ಲ ಒಂದೆಡೆ ಇಟ್ಟು ಮನೆಯ ಯಾವ ಕೋಣೆಯಲ್ಲಿ ಬೇಕಾದರೂ ಕೇಳುವುದು ಹೇಗೆ ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಸಂಗೀತ ಸರ್ವರ್ ಆಗಿ ಮಾಡಿಕೊಳ್ಳುವುದೇ ಇದಕ್ಕೆ ಸುಲಭವಾದ ಉತ್ತರ. ಸರ್ವರ್ ಎಂದರೆ ಹಾಡುಗಳನ್ನು ತನ್ನ ಬಳಿ ಇಟ್ಟುಕೊಂಡು, ಕೇಳಿದ ಸಾಧನಕ್ಕೆ ಮನೆಯ ನೆಟ್‌ವರ್ಕ್ ಮೂಲಕ ಒದಗಿಸುವ ಯಂತ್ರ. ಇಂಟರ್ನೆಟ್ ಇಲ್ಲದ ದಿನವೂ ಇದು ಕೆಲಸ ಮಾಡುತ್ತದೆ, ಮತ್ತು ಯಾರೂ ನಿಮ್ಮ ಸಂಗ್ರಹದಿಂದ ಒಂದು ಹಾಡನ್ನೂ ತೆಗೆದುಹಾಕಲಾರರು.

ಯಂತ್ರವನ್ನು ಸಿದ್ಧಪಡಿಸುವುದು ಒಂದು ಮಧ್ಯಾಹ್ನದ ಕೆಲಸ. ಹಾಡುಗಳಿಗೆ ಸರಿಯಾದ ಹೆಸರು, ಗಾಯಕರು, ರಾಗ, ಕವಿ ಮುಂತಾದ ವಿವರಗಳನ್ನು ತುಂಬುವುದು ತಿಂಗಳುಗಳ ಕೆಲಸ. ಸರ್ವರ್ ಉಪಯೋಗಕ್ಕೆ ಬರುವುದೋ ಮೂಲೆ ಸೇರುವುದೋ ಎಂಬುದು ಈ ಎರಡನೆಯ ಕೆಲಸದ ಮೇಲೆ ನಿಂತಿರುವುದರಿಂದ, ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ತಂತ್ರಾಂಶ, ಏಕೆ

ಈ ಕೆಲಸಕ್ಕೆ ಉಚಿತ ತಂತ್ರಾಂಶಗಳು ಹಲವಿವೆ. ನಾನು ಇಲ್ಲಿ ವಿವರಿಸುವುದು ಪೈಕೋರ್‌ಪ್ಲೇಯರ್ ಎಂಬ ಪುಟ್ಟ ಕಾರ್ಯಾಚರಣ ವ್ಯವಸ್ಥೆಯನ್ನೂ ಅದರ ಮೇಲೆ ನಡೆಯುವ ಲಿರಿಯಾನ್ ಮ್ಯೂಸಿಕ್ ಸರ್ವರನ್ನೂ. ಲಿರಿಯಾನ್ ಹೊಸದೇನಲ್ಲ. ಸ್ಲಿಮ್ ಡಿವೈಸಸ್ ಕಂಪನಿ ತನ್ನ ಸ್ಕ್ವೀಜ್‌ಬಾಕ್ಸ್ ಪ್ಲೇಯರುಗಳಿಗಾಗಿ ಕಟ್ಟಿದ ಸರ್ವರ್ ಅದು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಪ್ಲೇಯರುಗಳ ತಯಾರಿಕೆಯನ್ನು ನಿಲ್ಲಿಸಿತು. ಆದರೆ ಮುಕ್ತ ತಂತ್ರಾಂಶವಾಗಿದ್ದ ಸರ್ವರನ್ನು ಅದರ ಬಳಕೆದಾರರೇ ಉಳಿಸಿ ಬೆಳೆಸಿದರು, ಮತ್ತು 2024ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು.

ಪೈಕೋರ್‌ಪ್ಲೇಯರ್ ಅನ್ನು ಆರಿಸಲು ನನಗೆ ಮುಖ್ಯ ಕಾರಣ ನಮ್ಮ ವಿದ್ಯುತ್ ಪರಿಸ್ಥಿತಿ. ಸಾಮಾನ್ಯ ವ್ಯವಸ್ಥೆಗಳು ಮೆಮೊರಿ ಕಾರ್ಡಿನ ಮೇಲೆ ಸದಾ ಏನಾದರೂ ಬರೆಯುತ್ತಿರುತ್ತವೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡ್ ಕೆಡುವ ಸಂಭವವಿರುತ್ತದೆ. ಪೈಕೋರ್‌ಪ್ಲೇಯರ್ ಚಾಲೂ ಆಗುವಾಗ ಪೂರ್ತಿಯಾಗಿ ರ‍್ಯಾಮ್‌ಗೆ, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿಗೆ, ಏರಿಕೊಂಡು ಅಲ್ಲಿಂದಲೇ ನಡೆಯುವುದರಿಂದ ಕಾರ್ಡಿಗೆ ಈ ಅಪಾಯ ಬಹಳ ಕಡಿಮೆ. ಎರಡನೆಯ ಅನುಕೂಲವೆಂದರೆ ಎಲ್ಲ ಹೊಂದಾಣಿಕೆಗಳನ್ನೂ ಬ್ರೌಸರಿನಲ್ಲೇ ಮಾಡಬಹುದು. ಕಪ್ಪು ಪರದೆಯ ಮೇಲೆ ಆದೇಶಗಳನ್ನು ಟೈಪ್ ಮಾಡುವ ಅಗತ್ಯವಿಲ್ಲ.

ಬೇಕಾಗುವ ಸಾಮಗ್ರಿ

ರಾಸ್ಪ್‌ಬೆರಿ ಪೈ 4 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 2 ಜಿಬಿ ರ‍್ಯಾಮ್ ಇರುವುದು ಧಾರಾಳವಾಗಿ ಸಾಕು. ಮನೆಯಲ್ಲಿ ಪೈ 3 ಸುಮ್ಮನೆ ಬಿದ್ದಿದ್ದರೆ ಅದೂ ನಡೆಯುತ್ತದೆ, ಹೊಸದನ್ನು ಕೊಳ್ಳಬೇಡಿ. ಪೈ 5ರ ವೇಗ ಸಂಗೀತಕ್ಕೆ ಬೇಕಿಲ್ಲ, ಮೇಲಾಗಿ ಅದರಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ. ಪೈ ಝೀರೋ 2 ಡಬ್ಲ್ಯೂ ಎಂಬ ಚಿಕ್ಕ ಮಾದರಿಯಲ್ಲಿ 512 ಎಂಬಿ ರ‍್ಯಾಮ್ ಮಾತ್ರ ಇರುವುದರಿಂದ ದೊಡ್ಡ ಸಂಗ್ರಹದ ಸರ್ವರ್ ಆಗಲು ಅದು ಸಾಲದು. ಆದರೆ ಬೇರೆ ಕೋಣೆಯ ಪ್ಲೇಯರ್ ಆಗಿ ಚೆನ್ನಾಗಿ ಒದಗುತ್ತದೆ.

ಜನ ಅತಿ ಹೆಚ್ಚು ಎಡವುವುದು ವಿದ್ಯುತ್ ಅಡಾಪ್ಟರಿನಲ್ಲಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. ಫೋನಿನ ಹಳೆಯ ಚಾರ್ಜರ್ ಮತ್ತು ತೆಳುವಾದ ಕೇಬಲ್ ಬಳಸಿದರೆ ಯಂತ್ರ ಚಾಲೂ ಆಗುತ್ತದೆ, ಆದರೆ ಡಿಸ್ಕ್ ತಿರುಗಲು ಆರಂಭಿಸಿದ ಕೂಡಲೇ ವೋಲ್ಟೇಜ್ ಕುಸಿದು ಹಾಡು ತುಂಡಾಗುವುದು, ಡಿಸ್ಕ್ ಕಳಚಿಕೊಳ್ಳುವುದು, ಯಂತ್ರ ತಾನಾಗಿಯೇ ಮರುಚಾಲೂ ಆಗುವುದು ಮೊದಲಾಗುತ್ತವೆ. ತಂತ್ರಾಂಶದ ದೋಷವೆಂದು ತಿಳಿದು ದಿನಗಟ್ಟಲೆ ಹುಡುಕುವ ಸಮಸ್ಯೆಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ. ಪೈಗಾಗಿಯೇ ಮಾಡಿದ ಅಡಾಪ್ಟರನ್ನು ಕೊಳ್ಳಿ. ರೌಟರಿಗೆಂದು ಮಾರುವ ಚಿಕ್ಕ ಯುಪಿಎಸ್‌ಗಳಲ್ಲಿ ಹೆಚ್ಚಿನವು 12 ವೋಲ್ಟ್ ಕೊಡುತ್ತವೆ. ಅದನ್ನು ನೇರವಾಗಿ ಪೈಗೆ ಜೋಡಿಸಿದರೆ ಬೋರ್ಡ್ ಸುಟ್ಟುಹೋಗುತ್ತದೆ.

ಇನ್ನು 8 ಅಥವಾ 16 ಜಿಬಿಯ ಒಳ್ಳೆಯ ಮೈಕ್ರೋ ಎಸ್‌ಡಿ ಕಾರ್ಡ್ ಸಾಕು, ಏಕೆಂದರೆ ಹಾಡುಗಳು ಇರುವುದು ಯುಎಸ್‌ಬಿ ಡಿಸ್ಕಿನಲ್ಲಿ. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗಳು ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರವಾದ್ದರಿಂದ, ತಿರುಗುವ ಹಾರ್ಡ್‌ಡಿಸ್ಕಿಗಿಂತ ಎಸ್‌ಎಸ್‌ಡಿ ಲೇಸು; ಎರಡು ಡಿಸ್ಕ್ ಜೋಡಿಸುವುದಾದರೆ ಸ್ವಂತ ವಿದ್ಯುತ್ ಇರುವ ಯುಎಸ್‌ಬಿ ಹಬ್ ಬೇಕೇ ಬೇಕು. ಗಾತ್ರದ ಅಂದಾಜು ಹೀಗಿದೆ: ಫ್ಲ್ಯಾಕ್ ರೂಪದಲ್ಲಿ, ಅಂದರೆ ಧ್ವನಿಯ ಯಾವ ಅಂಶವನ್ನೂ ಕಳೆಯದೆ ಅಡಕಗೊಳಿಸುವ ರೂಪದಲ್ಲಿ, ಒಂದು ಸಿ.ಡಿ. ಸುಮಾರು 300ರಿಂದ 400 ಎಂಬಿ ಹಿಡಿಯುತ್ತದೆ. 500 ಜಿಬಿ ಡಿಸ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಸಿ.ಡಿ.ಗಳು ಕೂರುತ್ತವೆ.

ಕೊನೆಯದು ಡ್ಯಾಕ್. ಡಿಜಿಟಲ್ ಸಂಖ್ಯೆಗಳನ್ನು ಆಂಪ್ಲಿಫೈಯರ್ ಅರಿಯಬಲ್ಲ ವಿದ್ಯುತ್ ಅಲೆಗಳಾಗಿ ಬದಲಿಸುವ ಸಾಧನವಿದು. ಪೈ 4ರ ಹೆಡ್‌ಫೋನ್ ಜ್ಯಾಕಿನ ಗುಣಮಟ್ಟ ಪರೀಕ್ಷೆಗೆ ಸಾಕು, ತಂಬೂರಿಯ ನಾದವನ್ನು ಕಿವಿಗೊಟ್ಟು ಕೇಳುವುದಕ್ಕೆ ಸಾಲದು. ಬೋರ್ಡಿನ 40 ಪಿನ್‌ಗಳ ಮೇಲೆ ಕೂರುವ ಹ್ಯಾಟ್ ಮಾದರಿಯ ಡ್ಯಾಕ್ ಆಗಲಿ, ಯುಎಸ್‌ಬಿ ಡ್ಯಾಕ್ ಆಗಲಿ ಕೊಳ್ಳಬಹುದು. ಫೋನಿನಲ್ಲಿ ಮಾತ್ರ ಕೇಳುವವರಿಗೆ ಇದು ಬೇಕಿಲ್ಲ.

ಹಂತ 1: ಕಾರ್ಡಿಗೆ ಬರೆಯುವುದು

ಪೈಕೋರ್‌ಪ್ಲೇಯರ್‌ನ ಅಧಿಕೃತ ತಾಣದಿಂದ ಇಮೇಜ್ ಕಡತವನ್ನು, ಅಂದರೆ ಇಡೀ ವ್ಯವಸ್ಥೆಯ ಅಚ್ಚನ್ನು, ಇಳಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಸ್ಥಾಪಿಸಿ, ಕಾರ್ಯಾಚರಣ ವ್ಯವಸ್ಥೆಗಳ ಪಟ್ಟಿಯ ಕೊನೆಯಲ್ಲಿರುವ ಯೂಸ್ ಕಸ್ಟಮ್ ಎಂಬುದನ್ನು ಒತ್ತಿ ಆ ಕಡತವನ್ನು ತೋರಿಸಿ, ಕಾರ್ಡನ್ನು ಆರಿಸಿ ಬರೆಯಿರಿ. ಬರೆಯುವ ಮುನ್ನ ಬಳಕೆದಾರರ ಹೆಸರು, ವೈಫೈ ಮುಂತಾದ ಹೊಂದಾಣಿಕೆಗಳನ್ನು ಸೇರಿಸಬೇಕೇ ಎಂದು ಇಮೇಜರ್ ಕೇಳಿದರೆ ಬೇಡವೆನ್ನಿ. ಆ ಸೌಲಭ್ಯ ರಾಸ್ಪ್‌ಬೆರಿ ಪೈನ ಸ್ವಂತ ವ್ಯವಸ್ಥೆಗಾಗಿ ಇರುವುದು, ಇಲ್ಲಿ ಅದರಿಂದ ತೊಂದರೆಯೇ ಹೆಚ್ಚು. ಗುರಿಯಾಗಿ ಆರಿಸಿದ್ದು ಕಾರ್ಡೇ ಹೊರತು ಹಾಡುಗಳಿರುವ ಡಿಸ್ಕ್ ಅಲ್ಲವೆಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ಆ ಹೊತ್ತಿನಲ್ಲಿ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಕಳಚಿಟ್ಟಿದ್ದರೆ ಇನ್ನೂ ಒಳ್ಳೆಯದು.

ಹಂತ 2: ಮೊದಲ ಚಾಲನೆ

ಕಾರ್ಡನ್ನು ಪೈಗೆ ಹಾಕಿ, ನೆಟ್‌ವರ್ಕ್ ಕೇಬಲ್ಲಿನಿಂದ ರೌಟರಿಗೆ ಜೋಡಿಸಿ, ಆಮೇಲೆ ವಿದ್ಯುತ್ ಕೊಡಿ. ವೈಫೈ ಬೇಕೆಂದಿದ್ದರೂ ಮೊದಲ ಬಾರಿ ಕೇಬಲ್ ಬಳಸಿ. ನನ್ನ ಸಲಹೆ ಕೇಳುವುದಾದರೆ ಸರ್ವರನ್ನು ಕಾಯಂ ಆಗಿ ಕೇಬಲ್ಲಿನಲ್ಲೇ ಇಡಿ: ಪೈ 4ರ ಯುಎಸ್‌ಬಿ 3 ಕಿಂಡಿಗೆ ಜೋಡಿಸಿದ ಡಿಸ್ಕಿನ ಕೇಬಲ್ ಕಳಪೆಯಾಗಿದ್ದರೆ ಅದರಿಂದ ಹೊಮ್ಮುವ ಅಡಚಣೆ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ.

ಒಂದೆರಡು ನಿಮಿಷ ಬಿಟ್ಟು ಅದೇ ನೆಟ್‌ವರ್ಕಿನ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಪಿಸಿಪಿ ಡಾಟ್ ಲೋಕಲ್ ಎಂಬ ವಿಳಾಸಕ್ಕೆ ಹೋಗಿ. ವಿಳಾಸದ ಮೊದಲ ಮೂರಕ್ಷರ ಪೈಕೋರ್‌ಪ್ಲೇಯರ್‌ನ ಸಂಕ್ಷಿಪ್ತ ಹೆಸರು. ಪುಟ ತೆರೆಯದಿದ್ದರೆ ರೌಟರಿನ ಹೊಂದಾಣಿಕೆ ಪುಟದಲ್ಲಿ ಜೋಡಿತ ಸಾಧನಗಳ ಪಟ್ಟಿ ನೋಡಿ, ಅದೇ ಹೆಸರಿನ ಎದುರಿಗಿರುವ ಐಪಿ ವಿಳಾಸವನ್ನು, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಆ ಯಂತ್ರಕ್ಕೆ ಸಿಕ್ಕಿರುವ ಸಂಖ್ಯೆಯನ್ನು, ಬ್ರೌಸರಿನಲ್ಲಿ ಬರೆಯಿರಿ. ಅದೇ ಪುಟದಲ್ಲಿ ಈ ಸಂಖ್ಯೆಯನ್ನು ಸರ್ವರಿಗೆ ಕಾಯ್ದಿರಿಸಿಬಿಡಿ. ಇಲ್ಲವಾದರೆ ರೌಟರ್ ಮರುಚಾಲೂ ಆದಾಗ ಸಂಖ್ಯೆ ಬದಲಾಗಿ ಮನೆಯವರೆಲ್ಲ ಹಾಡು ಬರುತ್ತಿಲ್ಲವೆಂದು ನಿಮ್ಮನ್ನು ಕರೆಯುತ್ತಾರೆ.

ಸರ್ವರ್ ಕಾಣದಿರುವುದಕ್ಕೆ ಇನ್ನೆರಡು ಸಾಮಾನ್ಯ ಕಾರಣಗಳಿವೆ. ನಿಮ್ಮ ಫೋನ್ ಅತಿಥಿಗಳಿಗಾಗಿ ಇಟ್ಟ ಗೆಸ್ಟ್ ವೈಫೈಯಲ್ಲಿರಬಹುದು; ಅಲ್ಲಿರುವ ಸಾಧನಗಳಿಗೆ ಮನೆಯ ಇತರ ಸಾಧನಗಳು ಕಾಣದಂತೆ ರೌಟರ್ ತಡೆಯುತ್ತದೆ. ಅಥವಾ ಇಂಟರ್ನೆಟ್ ಕಂಪನಿ ಕೊಟ್ಟ ರೌಟರಿನ ಹಿಂದೆ ನೀವೇ ಇನ್ನೊಂದು ರೌಟರ್ ಇಟ್ಟಿದ್ದು, ಪೈ ಒಂದಕ್ಕೂ ಫೋನ್ ಇನ್ನೊಂದಕ್ಕೂ ಜೋಡಿಸಿಕೊಂಡಿರಬಹುದು. ಎರಡನ್ನೂ ಒಂದೇ ರೌಟರಿಗೆ ತನ್ನಿ.

ಹಂತ 3: ಜಾಗ ಹಿಗ್ಗಿಸಿ ಲಿರಿಯಾನ್ ಸ್ಥಾಪಿಸುವುದು

ಕಾರ್ಡ್ ಎಷ್ಟೇ ದೊಡ್ಡದಿದ್ದರೂ ಪೈಕೋರ್‌ಪ್ಲೇಯರ್ ಆರಂಭದಲ್ಲಿ ಅದರ ಸಣ್ಣ ಭಾಗವನ್ನಷ್ಟೇ ಬಳಸುತ್ತದೆ. ಈ ಹಂತವನ್ನು ಬಿಟ್ಟು ನೇರವಾಗಿ ಲಿರಿಯಾನ್ ಸ್ಥಾಪಿಸಲು ಹೊರಟರೆ ಜಾಗ ಸಾಲದೆಂಬ ಸಂದೇಶ ಬರುವುದು ಇದೇ ಕಾರಣಕ್ಕೆ. ಮುಖ್ಯ ಪುಟದಲ್ಲಿ ರೀಸೈಜ್ ಎಫ್ಎಸ್ ಎಂಬ ಗುಂಡಿಯನ್ನು ಒತ್ತಿ ಸುಮಾರು 1 ಜಿಬಿ ಜಾಗ ಆರಿಸಿ. ಗುಂಡಿ ಕಾಣದಿದ್ದರೆ ಪುಟದ ತಳದಲ್ಲಿ ಪ್ಲೇಯರ್-ಸರ್ವರ್ ಬಗೆಯನ್ನು ಆರಿಸಿದಾಗ ಅದು ಕಾಣಿಸುತ್ತದೆ. ಯಂತ್ರ ಮರುಚಾಲೂ ಆದ ಮೇಲೆ ಎಲ್ಎಂಎಸ್ ಎಂಬ ಪುಟಕ್ಕೆ ಹೋಗಿ ಇನ್‌ಸ್ಟಾಲ್ ಒತ್ತಿ. ಲಿರಿಯಾನ್ ಮ್ಯೂಸಿಕ್ ಸರ್ವರಿನ ಸಂಕ್ಷಿಪ್ತ ಹೆಸರದು.

ಒಂದು ಮಾತು ನೆನಪಿರಲಿ. ಈ ವ್ಯವಸ್ಥೆ ರ‍್ಯಾಮಿನಲ್ಲಿ ನಡೆಯುವುದರಿಂದ, ಯಾವ ಪುಟದಲ್ಲಿ ಏನನ್ನೇ ಬದಲಿಸಿದರೂ ಸೇವ್ ಗುಂಡಿ ಒತ್ತದಿದ್ದರೆ ಮುಂದಿನ ಬಾರಿ ಚಾಲೂ ಆದಾಗ ಆ ಬದಲಾವಣೆ ಇರುವುದಿಲ್ಲ. ಟ್ವೀಕ್ಸ್ ಪುಟದಲ್ಲಿ ಕಾಲವಲಯವನ್ನು ಏಷ್ಯಾ-ಕೋಲ್ಕತಾ ಎಂದು ಬದಲಿಸಿ ಉಳಿಸಿ. ಬೆಳಗಿನ ಸುಪ್ರಭಾತಕ್ಕೆ ಅಲಾರಂ ಇಡುವವರು ಇದನ್ನು ಮರೆಯಬಾರದು.

ಹಂತ 4: ಡಿಸ್ಕ್ ಜೋಡಿಸುವುದು

ಹಾಡುಗಳ ಡಿಸ್ಕನ್ನು ಪೈಗೆ ಜೋಡಿಸಿ ಎಲ್ಎಂಎಸ್ ಪುಟವನ್ನು ಮತ್ತೆ ತೆರೆದರೆ ಯುಎಸ್‌ಬಿ ಡಿಸ್ಕುಗಳ ಪಟ್ಟಿಯಲ್ಲಿ ಅದು ಕಾಣುತ್ತದೆ. ಅದಕ್ಕೆ ಜಾಗ ಬಿಡದ ಸರಳ ಹೆಸರೊಂದನ್ನು ಕೊಟ್ಟು, ಮೌಂಟ್ ಮಾಡಲು, ಅಂದರೆ ವ್ಯವಸ್ಥೆಗೆ ಸೇರಿಸಿಕೊಳ್ಳಲು, ಗುರುತು ಹಾಕಿ ಉಳಿಸಿ. ಡಿಸ್ಕ್ ವಿಂಡೋಸ್ ಕಂಪ್ಯೂಟರಿನಲ್ಲಿ ಸಿದ್ಧವಾದದ್ದಾದರೆ ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್, ಅಂದರೆ ಕಡತಗಳನ್ನು ಜೋಡಿಸಿಡುವ ವಿನ್ಯಾಸದಲ್ಲಿರುತ್ತದೆ. ಆಗ ಮೊದಲು ಅದೇ ಪುಟದಲ್ಲಿ ಹೆಚ್ಚುವರಿ ಫೈಲ್ ಸಿಸ್ಟಮ್‌ಗಳ ಬೆಂಬಲವನ್ನು ಸ್ಥಾಪಿಸಬೇಕು. ಹೊಸ ಡಿಸ್ಕ್ ಆಗಿದ್ದು ಕೈಯಲ್ಲಿ ಲಿನಕ್ಸ್ ಕಂಪ್ಯೂಟರ್ ಇದ್ದರೆ ಇಎಕ್ಸ್‌ಟಿ4 ವಿನ್ಯಾಸ ಮಾಡಿಕೊಳ್ಳಿ. ಎಕ್ಸ್‌ಫ್ಯಾಟ್‌ನಲ್ಲಿ ಬದಲಾವಣೆಗಳ ದಿನಚರಿ ಇಡುವ ಏರ್ಪಾಡಿಲ್ಲದ ಕಾರಣ ಬರೆಯುವಾಗ ಕರೆಂಟು ಹೋದರೆ ಕಡತಗಳು ಹಾಳಾಗುವ ಸಂಭವ ಹೆಚ್ಚು.

ಅದೇ ಪುಟದಲ್ಲಿ ಸಾಂಬಾ ಎಂಬುದನ್ನೂ ಸ್ಥಾಪಿಸಿಕೊಂಡರೆ ಡಿಸ್ಕ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಂಚಿಕೆಯ ಫೋಲ್ಡರಾಗಿ ತೆರೆದುಕೊಳ್ಳುತ್ತದೆ. ಹೊಸ ಹಾಡು ಸೇರಿಸಲು ಡಿಸ್ಕ್ ಕಳಚಬೇಕಾಗುವುದಿಲ್ಲ. ನಂತರ ಲಿರಿಯಾನ್ ಪುಟವನ್ನು ತೆರೆಯಿರಿ, ಅದು 9000 ಸಂಖ್ಯೆಯ ಪೋರ್ಟಿನಲ್ಲಿರುತ್ತದೆ, ಅಂದರೆ ಬ್ರೌಸರಿನಲ್ಲಿ ಸರ್ವರಿನ ವಿಳಾಸದ ಕೊನೆಗೆ :9000 ಎಂದು ಸೇರಿಸಬೇಕು. ಸಂಗೀತದ ಫೋಲ್ಡರ್ ಯಾವುದೆಂದು ಅದು ಕೇಳಿದಾಗ ಎಂಎನ್‌ಟಿ ಎಂಬ ಫೋಲ್ಡರಿನೊಳಗೆ ನೀವು ಡಿಸ್ಕಿಗೆ ಕೊಟ್ಟ ಹೆಸರನ್ನು ತೋರಿಸಿ. ಹಾಡುಗಳ ಪಟ್ಟಿ ಸಿದ್ಧವಾಗುವ ತನಕ ಕಾಯಿರಿ.

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಆಫ್‌ಲೈನ್ ಕೇಳಲೆಂದು ಇಳಿಸಿಕೊಂಡ ಹಾಡುಗಳನ್ನು ಇಲ್ಲಿಗೆ ನಕಲಿಸಿ ಪ್ರಯೋಜನವಿಲ್ಲ. ಅವು ಬೀಗ ಹಾಕಿದ ಕಡತಗಳು, ಆ ಆ್ಯಪ್ ಹೊರತು ಬೇರಾವುದೂ ಅವನ್ನು ನುಡಿಸಲಾರದು.

ಹಂತ 5: ಹಾಡುಗಳ ವಿವರ ಸರಿಪಡಿಸುವುದು

ಲಿರಿಯಾನ್ ಹಾಡುಗಳನ್ನು ಕಡತದ ಹೆಸರಿನಿಂದ ಗುರುತಿಸುವುದಿಲ್ಲ. ಕಡತದೊಳಗೆ ಅಡಗಿರುವ ಟ್ಯಾಗ್‌ಗಳನ್ನು, ಅಂದರೆ ಶೀರ್ಷಿಕೆ, ಕಲಾವಿದರು, ಆಲ್ಬಮ್ ಮುಂತಾದ ವಿವರಗಳನ್ನು, ಓದುತ್ತದೆ. ಇವುಗಳನ್ನು ತಿದ್ದಲು ಎಂಪಿ3ಟ್ಯಾಗ್, ಕಿಡ್3, ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ಉಚಿತ ತಂತ್ರಾಂಶಗಳಿವೆ. ಪಿಕಾರ್ಡ್ ವಿವರಗಳನ್ನು ಅಂತರ್ಜಾಲದಿಂದ ತಾನೇ ಹುಡುಕಿ ತುಂಬುತ್ತದೆ. ಪಾಶ್ಚಾತ್ಯ ಆಲ್ಬಮ್‌ಗಳಿಗೆ ಅದು ಉತ್ತಮ, ನಮ್ಮ ಕ್ಯಾಸೆಟ್ ಕಾಲದ ಸಂಗ್ರಹಕ್ಕೆ ಕೈಯಿಂದ ತುಂಬುವುದೇ ಗತಿ.

ಚಿತ್ರಗೀತೆಗಳಲ್ಲಿ ಒಂದೇ ಚಿತ್ರದ ಹಾಡುಗಳನ್ನು ನಾಲ್ಕೈದು ಗಾಯಕರು ಹಾಡಿರುತ್ತಾರೆ. ಆಲ್ಬಮ್ ಆರ್ಟಿಸ್ಟ್ ಎಂಬ ಟ್ಯಾಗನ್ನು ಖಾಲಿ ಬಿಟ್ಟರೆ ಇಂಥ ಆಲ್ಬಮ್‌ಗಳೆಲ್ಲ ವೇರಿಯಸ್ ಆರ್ಟಿಸ್ಟ್ಸ್ ಎಂಬ ಒಂದೇ ರಾಶಿಗೆ ಸೇರಿ ಯಾವುದೂ ಕೈಗೆ ಸಿಗದಂತಾಗುತ್ತದೆ. ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಬರೆಯಿರಿ. ರಾಜನ್-ನಾಗೇಂದ್ರ ಎಂದು ತೆರೆದರೆ ಅವರ ಚಿತ್ರಗಳೆಲ್ಲ ಸಾಲಾಗಿ ಬರಬೇಕು. ಗಾಯಕರನ್ನು ಆರ್ಟಿಸ್ಟ್ ಟ್ಯಾಗಿನಲ್ಲಿ ಅರ್ಧವಿರಾಮ ಚಿಹ್ನೆಯಿಂದ ಬೇರ್ಪಡಿಸಿ, ಅದೇ ಚಿಹ್ನೆಯನ್ನು ಲಿರಿಯಾನ್‌ನ ಹೊಂದಾಣಿಕೆಯಲ್ಲೂ ವಿಭಜಕವೆಂದು ನಮೂದಿಸಿ. ಭಾವಗೀತೆಗಳಿಗೆ ನನ್ನ ಪದ್ಧತಿ ಬೇರೆ. ಅಲ್ಲಿ ನಾವು ಹುಡುಕುವುದು ಬೇಂದ್ರೆಯವರ ಹಾಡು, ಕೆ.ಎಸ್. ನರಸಿಂಹಸ್ವಾಮಿಯವರ ಹಾಡು ಎಂದು. ಆದ್ದರಿಂದ ಕಂಪೋಸರ್ ಟ್ಯಾಗಿನಲ್ಲಿ ಕವಿಯನ್ನೂ ರಾಗ ಸಂಯೋಜಕರನ್ನೂ ಒಟ್ಟಿಗೆ ನಮೂದಿಸುವುದು ಒಳ್ಳೆಯದು.

ಶಾಸ್ತ್ರೀಯ ಸಂಗೀತಕ್ಕೆ ರಾಗದ ಟ್ಯಾಗ್ ಪ್ರತ್ಯೇಕವಾಗಿಲ್ಲ. ಆ ಕೆಲಸಕ್ಕೆ ಜಾನ್ರ್, ಅಂದರೆ ಸಂಗೀತ ಪ್ರಕಾರದ ಟ್ಯಾಗನ್ನು ಬಳಸಿಕೊಳ್ಳುವುದು ನನಗೆ ಅತ್ಯಂತ ಫಲದಾಯಕವೆನಿಸಿದೆ. ಪುರಂದರದಾಸರ ಜಗದೋದ್ಧಾರನ ಕೃತಿಗೆ ಕಂಪೋಸರ್ ಪುರಂದರದಾಸರು, ಪ್ರಕಾರ ಕರ್ನಾಟಕ ಸಂಗೀತ ಮತ್ತು ರಾಗ ಕಾಪಿ ಎಂದು ಬರೆದರೆ, ಪ್ರಕಾರಗಳ ಪಟ್ಟಿಯೇ ನಿಮ್ಮ ರಾಗಗಳ ಪಟ್ಟಿಯಾಗುತ್ತದೆ. ಎರಡೂ ಪದ್ಧತಿಗಳ ಸಂಗೀತ ಕೇಳುವವರು ರಾಗದ ಹೆಸರಿನೊಂದಿಗೆ ಪದ್ಧತಿಯನ್ನೂ ಬರೆಯಲೇಬೇಕು: ಕರ್ನಾಟಕದ ತೋಡಿ ಬೇರೆ, ಹಿಂದೂಸ್ತಾನಿ ತೋಡಿ ಬೇರೆ, ಎರಡನೆಯದರ ಸ್ವರಗಳು ನಮ್ಮ ಶುಭಪಂತುವರಾಳಿಯವು. ಅವನ್ನು ಒಂದೇ ಹೆಸರಿನಡಿ ಬೆರೆಸಿದರೆ ಪಟ್ಟಿ ಕೇಳುಗರ ದಾರಿ ತಪ್ಪಿಸುತ್ತದೆ.

ಕನ್ನಡ ಲಿಪಿಯಲ್ಲಿ ಟ್ಯಾಗ್ ಬರೆಯಲು ಯಾವ ಅಡ್ಡಿಯೂ ಇಲ್ಲ, ಆದರೆ ಮೂರು ಎಚ್ಚರಿಕೆಗಳಿವೆ. ಎಂಪಿ3 ಕಡತಗಳ ಟ್ಯಾಗ್ ಮಾದರಿಯಾದ ಐಡಿ3ಯ ಮೊದಲ ಆವೃತ್ತಿ ಕನ್ನಡವನ್ನು ಹಿಡಿಯಲಾರದು; ಟ್ಯಾಗ್ ತಂತ್ರಾಂಶದಲ್ಲಿ ಅದನ್ನು ತೆಗೆದುಹಾಕಿ ಎರಡನೆಯ ಆವೃತ್ತಿಯನ್ನು ಮಾತ್ರ ಉಳಿಸಿ. ಯೂನಿಕೋಡ್ ಬರುವ ಮೊದಲಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಹಳೆಯ ಟ್ಯಾಗ್‌ಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಬೇಕು. ಮೂರನೆಯದು ಕಣ್ಣಿಗೆ ಕಾಣದ ತೊಡಕು: ರಾಜ್‌ಕುಮಾರ್ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದು ನಡುವೆ ಸೇರುತ್ತದೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಅಥವಾ ಒಂದೆಡೆ ಡಾ. ಸೇರಿಸಿ ಇನ್ನೊಂದೆಡೆ ಬಿಟ್ಟರೆ, ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರಸಾಲುಗಳು, ಒಬ್ಬರೇ ಗಾಯಕರು ಇಬ್ಬರಾಗಿ ಒಡೆದುಹೋಗಬಹುದು. ಕಲಾವಿದರ ಹೆಸರುಗಳ ಪಟ್ಟಿಯೊಂದನ್ನು ಕಡತದಲ್ಲಿ ಇಟ್ಟುಕೊಂಡು ಸದಾ ಅಲ್ಲಿಂದಲೇ ನಕಲಿಸಿ ಅಂಟಿಸಿ.

ಸಂಗ್ರಹವನ್ನೆಲ್ಲ ಒಮ್ಮೆಲೇ ತಿದ್ದಲು ಹೊರಡಬೇಡಿ. ದಿನಕ್ಕೊಂದು ಆಲ್ಬಮ್ ಸಾಕು. ತಿದ್ದಿದ ಬಳಿಕ ಲಿರಿಯಾನ್‌ಗೆ ಹೊಸದು ಮತ್ತು ಬದಲಾದದ್ದನ್ನು ಹುಡುಕುವಂತೆ ಹೇಳಿ. ಹಳೆಯ ಹೆಸರುಗಳು ಪಟ್ಟಿಯಲ್ಲಿ ಉಳಿದುಕೊಂಡರೆ ಮಾತ್ರ ಎಲ್ಲವನ್ನೂ ಅಳಿಸಿ ಮತ್ತೆ ಓದುವ ಆಯ್ಕೆಯನ್ನು ಬಳಸಿ.

ಹಂತ 6: ಕೇಳುವುದು

ಡ್ಯಾಕ್ ಜೋಡಿಸಿದ್ದರೆ ಪೈಕೋರ್‌ಪ್ಲೇಯರ್‌ನ ಸ್ಕ್ವೀಜ್‌ಲೈಟ್ ಪುಟದಲ್ಲಿ ಅದರ ಮಾದರಿಯನ್ನು ಪಟ್ಟಿಯಿಂದ ಆರಿಸಿ, ಉಳಿಸಿ, ಮರುಚಾಲೂ ಮಾಡಿ. ಸ್ಕ್ವೀಜ್‌ಲೈಟ್ ಎಂಬುದು ಸರ್ವರಿನಿಂದ ಬಂದ ಹಾಡನ್ನು ನುಡಿಸುವ ಭಾಗ. ಸದ್ದೇ ಬರದಿದ್ದರೆ ಹತ್ತರಲ್ಲಿ ಎಂಟು ಬಾರಿ ಇಲ್ಲಿ ತಪ್ಪು ಮಾದರಿ ಆರಿಸಿರುತ್ತೀರಿ ಎಂದೇ ತಿಳಿಯಿರಿ.

ಲಿರಿಯಾನ್‌ನಲ್ಲಿ ಮೆಟೀರಿಯಲ್ ಸ್ಕಿನ್ ಎಂಬ ಪ್ಲಗಿನ್ ಬಳಸಿದರೆ ಫೋನಿನ ಬ್ರೌಸರಿನಲ್ಲಿ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ. ಮನೆಯ ಹಿರಿಯರಿಗೂ ಬಳಸಲು ಕಷ್ಟವಾಗದು. ಬೇರೆ ಕೋಣೆಯಲ್ಲಿ ಇನ್ನೊಂದು ಪೈ ಇಟ್ಟು, ಅದರಲ್ಲಿ ಲಿರಿಯಾನ್ ಇಲ್ಲದೆ ಬರಿಯ ಪೈಕೋರ್‌ಪ್ಲೇಯರ್ ಹಾಕಿದರೆ ಅದು ಸರ್ವರನ್ನು ತಾನೇ ಕಂಡುಕೊಳ್ಳುತ್ತದೆ, ಮತ್ತು ಎರಡನ್ನೂ ಗುಂಪು ಮಾಡಿದಾಗ ಅಡುಗೆಮನೆಯಲ್ಲೂ ನಡುಮನೆಯಲ್ಲೂ ಒಂದೇ ಹಾಡು ಹಿಂದುಮುಂದಾಗದೆ ನಡೆಯುತ್ತದೆ. ಈ ಹೊಂದಾಣಿಕೆಯಲ್ಲಿ ಲಿರಿಯಾನ್‌ನಷ್ಟು ನಂಬಿಕೆಗೆ ಅರ್ಹವಾದ ಉಚಿತ ತಂತ್ರಾಂಶ ನನಗೆ ಬೇರೆ ಸಿಕ್ಕಿಲ್ಲ.

ಹಳೆಯ ಧ್ವನಿಮುದ್ರಣಗಳು ಮೆಲ್ಲಗೆ, ಹೊಸ ಚಿತ್ರಗೀತೆಗಳು ಅಬ್ಬರವಾಗಿ ಕೇಳುವುದನ್ನು ಸಮಗೊಳಿಸಲು ರೀಪ್ಲೇಗೇನ್ ಎಂಬ ಅಳತೆಯನ್ನು ಫೂಬಾರ್2000 ತಂತ್ರಾಂಶದಿಂದ ಕಡತಗಳಿಗೆ ಸೇರಿಸಿ, ಪ್ಲೇಯರಿನ ಆಡಿಯೋ ಹೊಂದಾಣಿಕೆಯಲ್ಲಿ ಅದನ್ನು ಸಕ್ರಿಯಗೊಳಿಸಿ. ಅಲ್ಲೇ ಇರುವ ಕ್ರಾಸ್‌ಫೇಡ್, ಅಂದರೆ ಒಂದು ಹಾಡಿನ ತುದಿಯನ್ನು ಮುಂದಿನದರೊಂದಿಗೆ ಬೆರೆಸುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಆಲಾಪನೆ, ತಾನ, ಪಲ್ಲವಿ ಬೇರೆ ಬೇರೆ ಕಡತಗಳಾಗಿರುವ ಕಛೇರಿಯನ್ನು ಅದು ಕೆಡಿಸುತ್ತದೆ.

ಹಂತ 7: ಕಾಪಾಡಿಕೊಳ್ಳುವುದು

ಲಿರಿಯಾನ್‌ಗೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ. ಹೊರಗಿನಿಂದ ಕೇಳುವ ಆಸೆಗೆ ರೌಟರಿನಲ್ಲಿ 9000ರ ಪೋರ್ಟನ್ನು ತೆರೆದಿಡುವುದೆಂದರೆ ಇಡೀ ಜಗತ್ತಿಗೆ ಬಾಗಿಲು ತೆರೆದಂತೆ. ಅದನ್ನು ಎಂದೂ ಮಾಡಬೇಡಿ. ಹೊರಗಿನಿಂದ ಬೇಕೇ ಬೇಕೆಂದರೆ ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕ, ಬಳಸಿ.

ಡಿಸ್ಕ್ ಒಂದು ದಿನ ಕೈಕೊಡುತ್ತದೆ. ಅದೇ ಗಾತ್ರದ ಎರಡನೆಯ ಡಿಸ್ಕಿನಲ್ಲಿ ಪೂರ್ಣ ಪ್ರತಿ ಇಟ್ಟು, ಅದನ್ನು ಸರ್ವರಿಗೆ ಜೋಡಿಸದೆ ಬೇರೆ ಕಡೆ, ಸಾಧ್ಯವಾದರೆ ನೆಂಟರ ಮನೆಯಲ್ಲಿ ಇಡಿ. ಮೊದಲ ಪ್ರತಿಯನ್ನು ಟ್ಯಾಗ್ ತಿದ್ದುವ ಮುನ್ನವೇ ತೆಗೆಯಿರಿ, ಏಕೆಂದರೆ ಒಂದೇ ತಪ್ಪು ಆಯ್ಕೆಯಿಂದ ಸಾವಿರ ಕಡತಗಳ ಹೆಸರು ಬದಲಾಗಬಹುದು. ಸಿ.ಡಿ.ಯನ್ನು ಮತ್ತೆ ಇಳಿಸಿಕೊಳ್ಳಬಹುದು; ಅಜ್ಜಿಯ ದನಿಯಲ್ಲಿರುವ ಸಂಪ್ರದಾಯದ ಹಾಡಿನ ಕ್ಯಾಸೆಟ್ ಸವೆದುಹೋಗಿದ್ದರೆ ಅದರ ಡಿಜಿಟಲ್ ಪ್ರತಿಯೇ ಈಗ ಮೂಲ. ಅಂಥ ಕಡತಗಳಿಗೆ ಮೂರನೆಯ ಪ್ರತಿಯೊಂದು ಕ್ಲೌಡ್ ಸಂಗ್ರಹದಲ್ಲಿಯೂ ಇರಲಿ. ಎಸ್‌ಡಿ ಕಾರ್ಡಿನದೂ ಒಂದು ಇಮೇಜ್ ಪ್ರತಿ ಲ್ಯಾಪ್‌ಟಾಪಿನಲ್ಲಿದ್ದರೆ, ಕಾರ್ಡ್ ಕೆಟ್ಟ ದಿನ ಹೊಸ ಕಾರ್ಡಿಗೆ ಅದನ್ನು ಬರೆದು ಹತ್ತಿಪ್ಪತ್ತು ನಿಮಿಷಗಳಲ್ಲಿ ಸರ್ವರನ್ನು ಮತ್ತೆ ಚಾಲೂ ಮಾಡಬಹುದು.